ನಾಲ್ಕು ವಾರದ ರಜೆ ಕೋರ್ಸ್‌ನಲ್ಲೇ ಇದೆ

ಫೆಬ್ರುವರಿ ಕೊನೆಯ ಒಂದು ಸಂಜೆ. ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ಲೆಕ್ಕಪತ್ರ ಬರೆಯುವ ರೈಟರ್ ಫೋನ್ ಮಾಡಿದರು. ಹಿಂದೆ ತೂಕದ ಗಲಾಟೆ ಕೇಳಿಸುತ್ತಿತ್ತು. ಹಣ್ಣಿನ ಚೀಲ ಎತ್ತಿ ಹಾಕುವ ಸದ್ದು, ಯಾರದೋ "ನಂದು ಐವತ್ತೆರಡಲ್ಲ, ಐವತ್ಮೂರು" ಅನ್ನುವ ಜಗಳ. ಅದರ ನಡುವೆಯೇ ಇವರು, "ಮೇಡಂ, ಕೋರ್ಸ್ ಬಿಟ್ಟೆ. ನಲವತ್ತೊಂದರಲ್ಲಿ ಇದೆಲ್ಲ ತಲೆಗೆ ಹತ್ತಲ್ಲ ಬಿಡಿ" ಅಂದರು.

ಚಿಕ್ಕಮಗಳೂರಿನಲ್ಲಿ ನಾನು ಮಾಡುವ ಕೆಲಸ ಇಂಥವರ ಜೊತೆಗೇ. ಸಂಸಾರ, ಸಂಬಳ ಎರಡನ್ನೂ ಇಟ್ಟುಕೊಂಡು ಮತ್ತೆ ಓದಲು ಹೊರಟವರಿಗೆ ಕೋರ್ಸ್ ಆರಿಸಿಕೊಡುವುದು, ಓದುವ ಹೊತ್ತು ಹೊಂದಿಸಿಕೊಡುವುದು, ಬಿಟ್ಟಾಗ ಎಳೆದು ತರುವುದು. "ಆಗಲ್ಲ ಬಿಡಿ" ಅನ್ನುವ ಮಾತು ಕಿವಿಗೆ ಹೊಸದೇನಲ್ಲ. ಹಾಗಾಗಿ ಧೈರ್ಯ ಹೇಳಲು ಹೋಗಲಿಲ್ಲ. ಎಷ್ಟು ಅಸೈನ್‌ಮೆಂಟ್ ಕೊಟ್ಟಿದ್ದೀರಿ ಅಂತ ಕೇಳಿದೆ.

ಐದು ವಾರ ಮುಗಿದಿತ್ತು. ಮೊದಲ ಎರಡು ಕೊಟ್ಟಿದ್ದರು. ರೊಬಸ್ಟಾ ಕುಯ್ಲು ಜೋರಾದ ಮೇಲೆ ಮೂರು ತಪ್ಪಿಹೋಗಿತ್ತು.

ಅವರು ಸೇರಿದ್ದು ಸ್ವಯಂ ತಾಣದಲ್ಲಿ ಎನ್‌ಪಿಟಿಇಎಲ್ ನಡೆಸುವ 12 ವಾರದ ಅಕೌಂಟಿಂಗ್ ಕೋರ್ಸ್. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಶುರುಮಾಡಿದ ಆನ್‌ಲೈನ್ ಪಾಠಗಳ ಯೋಜನೆ ಎನ್‌ಪಿಟಿಇಎಲ್. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ತಾಣವಾದ ಸ್ವಯಂ ಬಂದದ್ದು 2017ರಲ್ಲಿ. ಇಲ್ಲಿ ಅಂಕದ ಲೆಕ್ಕ ಹೀಗಿದೆ: ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75. ಸರ್ಟಿಫಿಕೇಟ್ ಬರಬೇಕಾದರೆ 25ಕ್ಕೆ 10, 75ಕ್ಕೆ 30 ಬರಬೇಕು. ಹೆಚ್ಚಿನವರು ಗಮನಿಸದೇ ಬಿಡುವ ಒಂದು ಸಾಲು ಇನ್ನೂ ಇದೆ. 12 ವಾರದ ಕೋರ್ಸ್‌ನಲ್ಲಿ ಜಾಸ್ತಿ ಅಂಕ ಬಂದ 8 ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ. 8 ವಾರದ್ದಾದರೆ 6, 4 ವಾರದ್ದಾದರೆ 3.

"ಎರಡು ಕೊಟ್ಟಿದ್ದೀರಿ, ಇನ್ನೂ ಏಳು ಬಾಕಿ. ಒಟ್ಟು ಎಷ್ಟಾಯ್ತು?" ಅಂದೆ.

"ಒಂಬತ್ತು."

"ಬೇಕಾಗಿರೋದು?"

ಆ ಕಡೆ ಮಾತಿಲ್ಲ. ದಿನವಿಡೀ ಆಳುಗಳ ಹಾಜರಿ, ಕೂಲಿಯ ಚೆಕ್‌ರೋಲ್ ಬರೆಯುವ ಮನುಷ್ಯ, ಲೆಕ್ಕ ಅವರಿಗೆ ಹೇಳಿಕೊಡಬೇಕೇ? "ಹಾಗಾದ್ರೆ ನಾನಿನ್ನೂ ನಪಾಸಾಗಿಲ್ಲ" ಅಂದರು. ಸ್ವಲ್ಪ ಸಿಟ್ಟಿನಲ್ಲೇ ಅಂದರು.

ಓದು ಬಿಟ್ಟವರನ್ನು ಕಂಡಾಗ ನಾವು ಮೊದಲು ಹೇಳುವ ಕಾರಣ ಛಲ ಇಲ್ಲ, ಆಸಕ್ತಿ ಇಲ್ಲ ಅಂತ. ಇಷ್ಟು ವರ್ಷ ಈ ಕೆಲಸ ಮಾಡಿ ನನಗೆ ಅನಿಸಿದ್ದು ಬೇರೆ. ಆಸಕ್ತಿ ಇಲ್ಲದವರು ಸೇರುವುದೇ ಇಲ್ಲ. ಒಂದು ವಾರ ತಪ್ಪುತ್ತದೆ, ನಾಚಿಕೆಯಾಗುತ್ತದೆ. ಆ ನಾಚಿಕೆಗೆ ಎರಡನೇ ವಾರ ಆ್ಯಪ್ ತೆರೆಯುವುದಿಲ್ಲ. ಮೂರನೇ ವಾರಕ್ಕೆ ಮನಸ್ಸಿನಲ್ಲೇ ಟಿಸಿ ತೆಗೆದುಕೊಂಡಿರುತ್ತಾರೆ. ಶಾಲೆಯಲ್ಲಿ ಮೂರು ವಾರ ಚಕ್ಕರ್ ಹೊಡೆದರೆ ಮೇಷ್ಟ್ರು ಮನೆಗೆ ಹೇಳಿಕಳಿಸುತ್ತಿದ್ದರು. ಇಲ್ಲಿ ಯಾರೂ ಕೇಳುವವರಿಲ್ಲ, ಅಲ್ವಾ?

ನಮ್ಮ ಮಲೆನಾಡಿನಲ್ಲಂತೂ ಯಾವ ಸೆಮಿಸ್ಟರ್ ಕೂಡ ಬಿಡುವಾಗಿ ಬರುವುದಿಲ್ಲ. ಜನವರಿಯಲ್ಲಿ ಶುರುವಾಗುವ ಕೋರ್ಸ್ ಕುಯ್ಲಿನ ಮೇಲೆ ಬಂದು ಬೀಳುತ್ತದೆ. ಅದು ಮುಗಿಯಿತು ಅನ್ನುವಷ್ಟರಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂತೋ ಇಲ್ಲವೋ, ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅನ್ನುವ ತಲೆಬಿಸಿ. ಜುಲೈನದು ಮಳೆಗೆ ಸಿಗುತ್ತದೆ. ಮರ ಬಿದ್ದು ಕರೆಂಟ್ ಹೋದರೆ ಎರಡು ದಿನ, ಒಮ್ಮೊಮ್ಮೆ ನಾಲ್ಕು ದಿನ. ಅದರ ಹಿಂದೆಯೇ ಟವರ್ ಕೂಡ. ಹಾಸನದ ಬಯಲು ಕಡೆಯವರಿಗೆ ಆಲೂಗಡ್ಡೆ, ಜೋಳ, ಮದುವೆ ಸೀಸನ್. "ಈ ಸಲ ಒಂದು ವಾರವೂ ತಪ್ಪಿಸಲ್ಲ" ಅಂತ ಯಾರಾದರೂ ನನ್ನ ಮುಂದೆ ಆಣೆ ಮಾಡಿದರೆ ನನಗೆ ಭಯವಾಗುತ್ತದೆ. ಅಂಥವರು ಮೊದಲ ವಾರ ತಪ್ಪಿದ ಕೂಡಲೇ ಮುರಿದುಬೀಳುತ್ತಾರೆ. ಅದಕ್ಕೇ ಸೇರುವ ದಿನವೇ ಕ್ಯಾಲೆಂಡರ್ ಇಳಿಸಿಕೊಂಡು ತಪ್ಪಬಹುದಾದ ವಾರಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಸುತ್ತೇನೆ. 12ರಲ್ಲಿ 8 ಸಾಕು ಅಂದಮೇಲೆ ಅದು ನಾಲ್ಕು ವಾರದ ರಜೆಯ ಲೆಕ್ಕ. ಮತ್ತೆ ಕೂರುವ ದಿನಕ್ಕೆ ಮಾತ್ರ ಪೆನ್ನಿನ ಗುರುತು.

ಇದನ್ನು ಕಲಿತದ್ದು ನನ್ನದೇ ಪೆಟ್ಟಿನಿಂದ. ನಲವತ್ತು ದಾಟಿದ ಮೇಲೆ ಒಂದು ಸಂಖ್ಯಾಶಾಸ್ತ್ರದ ಕೋರ್ಸ್‌ಗೆ ಸೇರಿ ಊರಿಗೆಲ್ಲ ಹೇಳಿಕೊಂಡು ಬಂದೆ. ರಾತ್ರಿ ಪಾತ್ರೆ ತೊಳೆದು ಹನ್ನೊಂದಕ್ಕೆ ಕೂರುತ್ತಿದ್ದೆ. ಹತ್ತು ನಿಮಿಷಕ್ಕೆ ನಿದ್ದೆ. ವಿಡಿಯೊ ಪಾಡಿಗೆ ವಿಡಿಯೊ, ನನ್ನ ಪಾಡಿಗೆ ನಾನು. ಎಲ್ಲ ಪಾಠದ ಮುಂದೆ ಹಸಿರು ಟಿಕ್ ಬಂತು, ತಲೆಯಲ್ಲಿ ಏನೂ ಉಳಿಯಲಿಲ್ಲ. ಪರೀಕ್ಷೆಗೆ ಹೋಗಲೇ ಇಲ್ಲ. ಆಮೇಲೆ ಯಾರಾದರೂ "ಏನಾಯ್ತು ನಿಮ್ಮ ಕೋರ್ಸು?" ಅಂದರೆ ಮಾತು ತಿರುಗಿಸುತ್ತಿದ್ದೆ.

ಹೊತ್ತು ಹೇಗೆ ಹುಡುಕಬೇಕು ಅಂತ ತೋರಿಸಿದ್ದು ಕೊಪ್ಪ ಕಡೆಯ ಒಬ್ಬ ಅಂಗನವಾಡಿ ಕಾರ್ಯಕರ್ತೆ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಎ ಕಟ್ಟಿದ್ದಾರೆ. (ನಮ್ಮಲ್ಲಿ ಹಿರಿಯರು ಇದನ್ನು ಈಗಲೂ 'ಕರೆಸ್ಪಾಂಡೆನ್ಸ್' ಅಂತಲೇ ಕರೆಯುವುದು.) "ಅಕ್ಕಾ, ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕ್ತೀನಲ್ಲ, ನೀರು ಕಾಯೋಕೆ ಅರ್ಧ ಗಂಟೆ ಬೇಕು. ಅಲ್ಲೇ ಮಣೆ ಹಾಕ್ಕೊಂಡು ಓದ್ತೀನಿ" ಅಂದರು. ಬಚ್ಚಲೊಲೆಯ ಮುಂದೆ ಚಳಿಯೂ ಇಲ್ಲ, ಯಾರೂ ಕರೆಯುವುದೂ ಇಲ್ಲ. ಬೆಂಕಿ ನೋಡಿಕೊಳ್ಳುತ್ತಿದ್ದಾಳೆ ಅಂದಮೇಲೆ ಅತ್ತೆಯ ಲೆಕ್ಕದಲ್ಲಿ ಅದು ಕೆಲಸವೇ. ಒಂದು ದಿನ ಪಾಠದಲ್ಲಿ ಮುಳುಗಿ ಬೆಂಕಿ ಆರಿ, ಗಂಡ ತಣ್ಣೀರು ಸ್ನಾನ ಮಾಡಿದ್ದೂ ಆಗಿದೆ.

ಪೀಟರ್ ಗೋಲ್‌ವಿಟ್ಜರ್ ಅನ್ನುವ ಮನಶ್ಶಾಸ್ತ್ರಜ್ಞರು 1999ರಲ್ಲಿ ಇದನ್ನೇ ವಿವರಿಸಿ ಬರೆದಿದ್ದಾರೆ. 'ಓದಬೇಕು' ಅಂದುಕೊಳ್ಳುವುದಕ್ಕಿಂತ 'ಇಂಥದ್ದು ಆದ ಕೂಡಲೇ ಓದಲು ಕೂರುತ್ತೇನೆ' ಅಂತ ಗಂಟು ಹಾಕಿಕೊಂಡವರು ಕೆಲಸ ಮುಗಿಸುವುದು ಜಾಸ್ತಿ. ಗಡಿಯಾರ ನೋಡಿ ಕೂರುವ ಯೋಚನೆ ಮನೆಯ ಗಲಾಟೆಯಲ್ಲಿ ಮರೆತುಹೋಗುತ್ತದೆ. ಒಲೆ ಹಚ್ಚುವುದು ಮರೆಯುವುದಿಲ್ಲ. ನಮ್ಮ ರೈಟರಿಗೂ ಹಾಗೇ ಒಂದು ಜಾಗ ಹುಡುಕಿದೆವು. ಸಂಜೆ ತೂಕ ಮುಗಿದು, ಚೆಕ್‌ರೋಲ್ ಮುಚ್ಚಿ, ಅದೇ ಮೇಜಿನ ಮೇಲೆ, ಮನೆಗೆ ಹೊರಡುವ ಮುಂಚೆ. ಈ ಕೋರ್ಸ್‌ಗಳಲ್ಲಿ ಒಂದು ಪಾಠ ಹೆಚ್ಚುಕಡಿಮೆ ಅರ್ಧ ಗಂಟೆಯದು, ವಾರಕ್ಕೆ ಸುಮಾರು ಎರಡೂವರೆ ಗಂಟೆ. ಅಷ್ಟಕ್ಕೆ ಆ ಮೇಜು ಸಾಕು. ಸಿಗ್ನಲ್ ಇರುವ ಕಡೆ ಹೋದಾಗ ವಾರದ ವಿಡಿಯೊ ಇಳಿಸಿಟ್ಟುಕೊಳ್ಳುವುದು. ಬೋರ್ಡ್ ಮೇಲಿನ ಅಕ್ಷರ ಕಂಡರೆ ಸಾಕು, ಗುಣಮಟ್ಟ ಕಡಿಮೆ ಇದ್ದರೂ ನಡೆಯುತ್ತದೆ.

ಆದರೆ ಬರೀ ನೋಡಿದರೆ ಆಗುವುದಿಲ್ಲ ಅನ್ನುವುದಕ್ಕೆ ನಾನೇ ಸಾಕ್ಷಿ. ವಿಡಿಯೊದಲ್ಲಿ ಮೇಷ್ಟ್ರು ಲೆಕ್ಕ ಬಿಡಿಸುವಾಗ ಎಲ್ಲ ನಮಗೂ ಬರುತ್ತದೆ ಅನಿಸುತ್ತದೆ. ಇದರ ಮೇಲೆ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಕಾಲೇಜು ವಿದ್ಯಾರ್ಥಿಗಳಿಗೆ ಎರಡು ಪಾಠ ಕೊಟ್ಟರು. ಒಂದನ್ನು ಎರಡು ಸಲ ಓದಿಸಿದರು, ಇನ್ನೊಂದನ್ನು ಒಮ್ಮೆ ಓದಿಸಿ ನೋಡದೇ ಬರೆಸಿದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ತಿರುಗುಮುರುಗು. ಬರಿ ಓದಿದ್ದು ಶೇ 42ರಷ್ಟು ನೆನಪಿತ್ತು, ನೋಡದೇ ಬರೆದದ್ದು ಶೇ 56ರಷ್ಟು.

ಇದನ್ನು ರೈಟರಿಗೆ ಹೇಳಿದಾಗ ಅವರು ತಮ್ಮ ಭಾಷೆಗೆ ತಂದುಕೊಂಡರು. "ಒಂದೇ ಸಲಕ್ಕೆ ಗಿಡ ಪೂರ್ತಿ ಕುಯ್ಯೋಕಾಗಲ್ಲ ಮೇಡಂ. ಮೊದ್ಲು ಹಣ್ಣಾಗಿದ್ದಷ್ಟೇ ಆರಿಸೋ ಫ್ಲೈ ಪಿಕ್ಕಿಂಗ್, ಆಮೇಲೆ ದೊಡ್ಡ ಕುಯ್ಲು, ಕೊನೆಗೆ ನೆಲಕ್ಕೆ ಬಿದ್ದಿದ್ದು ಆರಿಸೋದು. ಹಂಗೇ ತಾನೇ?" ಹಂಗೇ. ಈಗ ಅವರು ಹಳೆಯ ತೂಕದ ಚೀಟಿಗಳ ಹಿಂಬದಿಯಲ್ಲಿ, ಫೋನ್ ಮಗುಚಿಟ್ಟು, ಹಿಂದಿನ ಸಂಜೆಯ ಪಾಠದಿಂದ ಮೂರು ವಿಷಯ ಬರೆಯುತ್ತಾರೆ. ಬರದೇ ಇದ್ದದ್ದಕ್ಕೆ ಒಂದು ಸೊನ್ನೆ. ಸೊನ್ನೆ ಬಿದ್ದದ್ದನ್ನು ಮಾತ್ರ ಮತ್ತೆ ನೋಡುವುದು. ಆ ಚೀಟಿಗಳ ಕಂತೆ ನನಗೆ ತೋರಿಸಿದರು. ಒಂದರಲ್ಲಿ ಮುಂದುಗಡೆ '47 ಕೆಜಿ', ಹಿಂದುಗಡೆ 'ಸವಕಳಿ ಯಾಕೆ ಖರ್ಚು?' ಅಂತ ಇತ್ತು.

ಕನ್ನಡ ಮೀಡಿಯಂನಲ್ಲಿ ಓದಿ ಬಂದವರು ಆಸಕ್ತಿ ಹೋಯಿತು ಅಂದರೆ ನಾನು ಮೊದಲು ಇಂಗ್ಲಿಷ್ ಮೇಲೆ ಅನುಮಾನ ಪಡುತ್ತೇನೆ. ವಿಷಯ ಗೊತ್ತಿರುತ್ತದೆ, ಮಾತು ಹಿಡಿಯಲಾಗುವುದಿಲ್ಲ. ವೇಗವನ್ನು 0.75ಕ್ಕೆ ಇಳಿಸಿ, ಕೆಳಗೆ ಅಕ್ಷರ ಬರುವಂತೆ ಮಾಡಿದರೆ ಅರ್ಧ ಭಯ ಹೋಗುತ್ತದೆ. ಎನ್‌ಪಿಟಿಇಎಲ್‌ನ ಹಲವು ಕೋರ್ಸ್‌ಗಳ ಪಾಠ ಕನ್ನಡಕ್ಕೂ ಅನುವಾದವಾಗಿದೆ. ಸೇರುವ ಮುಂಚೆ ಹುಡುಕಿ ನೋಡಿ.

ದುಡ್ಡು ಕಟ್ಟಿದರೆ ಓದು ತಾನಾಗಿ ಬರುತ್ತದೆಯೇ ಅಂತ ಕೇಳುವವರೂ ಇದ್ದಾರೆ. ಹಾರ್ವರ್ಡ್ ಮತ್ತು ಎಂಐಟಿಯ ಆನ್‌ಲೈನ್ ಕೋರ್ಸ್‌ಗಳಿಗೆ 2017-18ರಲ್ಲಿ ಸೇರಿದವರಲ್ಲಿ ಮುಗಿಸಿದವರು ಶೇ 3ರಷ್ಟು ಮಾತ್ರ. ಸರ್ಟಿಫಿಕೇಟ್‌ಗಾಗಿ ದುಡ್ಡು ಕೊಟ್ಟವರಲ್ಲಿ ಶೇ 46. ಹಾಗಂತ ಇಎಂಐ ಮೇಲೆ ಲಕ್ಷದ ಕೋರ್ಸ್ ತೆಗೆದುಕೊಳ್ಳಬೇಡಿ ಮಾರಾಯ್ರೇ. ಮುಗಿಸುವ ಮನಸ್ಸಿದ್ದವರೇ ದುಡ್ಡು ಕೊಟ್ಟಿರುತ್ತಾರೆ. ಇನ್ನು ಉಳಿದವರೆಲ್ಲ ಸೋತವರೂ ಅಲ್ಲ. ಹಾಸನದ ಒಬ್ಬ ಅಂಗಡಿಯವರು ಎಕ್ಸೆಲ್ ಕೋರ್ಸ್‌ಗೆ ಸೇರಿ, ಸ್ಟಾಕ್ ಲೆಕ್ಕ ಇಡಲು ಬೇಕಾದಷ್ಟು ಕಲಿತು ಮೂರನೇ ವಾರಕ್ಕೆ ನಿಲ್ಲಿಸಿದರು. ಬೇಕಾದದ್ದು ಸಿಕ್ಕಿತು, ಎದ್ದು ಬಂದರು. ಸುಮ್ನೆ ಯಾಕೆ ಕೊರಗಬೇಕು?

ಸರ್ಟಿಫಿಕೇಟ್ ಬೇಕು ಅನ್ನುವವರು ಒಂದು ಮಾತ್ರ ಮರೆಯಬಾರದು. ಕೋರ್ಸ್‌ಗೆ ಸೇರುವುದು ಉಚಿತ, ಪರೀಕ್ಷೆಗೆ ಹೆಸರು ಕೊಡುವುದು ಬೇರೆ. ಅದಕ್ಕೆ ಬೇರೆ ಅರ್ಜಿ, ಬೇರೆ ಶುಲ್ಕ, ಬೇರೆ ಕೊನೇ ದಿನ. ಪರೀಕ್ಷೆಯನ್ನೂ ಮನೆಯಿಂದ ಬರೆಯುವಂತಿಲ್ಲ, ಕೇಂದ್ರಕ್ಕೇ ಹೋಗಬೇಕು. ಪೂರ್ತಿ ಓದಿಯೂ ಈ ದಿನ ತಪ್ಪಿಸಿಕೊಂಡು ಅತ್ತವರನ್ನು ನೋಡಿದ್ದೇನೆ.

ರೈಟರ್ ಏಪ್ರಿಲ್‌ನಲ್ಲಿ ಪರೀಕ್ಷೆ ಬರೆದರು. 75ಕ್ಕೆ 34, ಅಂಥ ಹೇಳಿಕೊಳ್ಳುವಂಥದ್ದೇನಲ್ಲ ಅಂತ ಅವರೇ ಅಂದರು. ಜುಲೈನಲ್ಲಿ ಇನ್ನೊಂದು ಕೋರ್ಸ್‌ಗೆ ಸೇರಿದ್ದಾರೆ. ಆಗಸ್ಟ್‌ನಲ್ಲಿ ಮಳೆ ಹಿಡಿದಾಗ ಒಂದು ವಾರ ಫೋನೇ ಸಿಗಲಿಲ್ಲ. ಆಮೇಲೆ ಒಂದು ಮೆಸೇಜ್ ಬಂತು: "ಕರೆಂಟ್ ಈಗ ಬಂತು ಮೇಡಂ. ಒಂದು ಹೋಯ್ತು, ಇನ್ನೂ ಮೂರು ಇದೆ."