ದಂಟಿನ ಕಟ್ಟಿನೊಳಗೆ ಬೆರಳಿಟ್ಟು ನೋಡಿ

ಸೊಪ್ಪು ಕೊಳ್ಳಲು ನಿಂತಾಗ ನಾನು ಮೊದಲು ಎಲೆಯ ಬಣ್ಣ ನೋಡುವುದಿಲ್ಲ. ಕಟ್ಟಿನ ನಡುವೆ ಎರಡು ಬೆರಳು ತೂರಿಸಿ, ಒಳಗೆ ತಣ್ಣಗಿದೆಯೋ ಬೆಚ್ಚಗಿದೆಯೋ ಎಂದು ನೋಡುತ್ತೇನೆ. ಬೆಳೆ ಹೊಲ ಬಿಟ್ಟು ಅಡುಗೆಮನೆ ಸೇರುವವರೆಗೆ ಅದಕ್ಕೆ ಏನೇನಾಗುತ್ತದೆ ಎಂಬುದನ್ನು ಗಮನಿಸುವುದೇ ನನ್ನ ವೃತ್ತಿ. ಆದರೂ ಈ ಅಭ್ಯಾಸವನ್ನು ಕಲಿಸಿದವರು ಹೊಸಕೋಟೆ ಕಡೆಯ ಒಬ್ಬ ರೈತ ಮಹಿಳೆ. ನಸುಕಿನಲ್ಲಿ ಕಿತ್ತ ದಂಟಿನ ಸೊಪ್ಪಿನ ಹೊರೆಯನ್ನು ಗಾಡಿಗೆ ಏರಿಸುವ ಮುನ್ನ ಅವರು ಅದರೊಳಗೆ ಮೊಣಕೈವರೆಗೆ ಕೈ ಹಾಕಿ ನೋಡಿದರು. "ಒಳಗೆ ಕಾವು ಹತ್ತಿದರೆ ಪೇಟೆ ಮುಟ್ಟುವಷ್ಟರಲ್ಲಿ ಹಳದಿಯಾಗುತ್ತದೆ" ಎಂದರು.

ಆ ಮಾತು ಪೂರ್ತಿ ನಿಜ. ಕಿತ್ತ ಮೇಲೂ ಸೊಪ್ಪಿಗೆ ಜೀವವಿರುತ್ತದೆ. ಅದು ಉಸಿರಾಡುತ್ತದೆ, ಎಲೆಯಲ್ಲಿ ಕೂಡಿಟ್ಟ ಸಕ್ಕರೆಯನ್ನು ಕರಗಿಸಿಕೊಳ್ಳುತ್ತ ಶಾಖ ಬಿಡುತ್ತದೆ. ಒತ್ತಾಗಿ ಕಟ್ಟಿದ ಹೊರೆಯಲ್ಲಿ ಆ ಶಾಖಕ್ಕೆ ಹೊರಹೋಗಲು ದಾರಿಯಿಲ್ಲ. ಕಾವು ಏರಿದಷ್ಟೂ ಉಸಿರಾಟ ಚುರುಕಾಗುತ್ತದೆ, ಉಸಿರಾಟ ಚುರುಕಾದಷ್ಟೂ ಕಾವು ಏರುತ್ತದೆ. ಹೊರಗಿನ ಎಲೆಗಳ ಮೇಲೆ ನೀರು ಚಿಮುಕಿಸಿ ಹೊಳೆಯುವಂತೆ ಇಟ್ಟಿದ್ದರೂ ನಡುವಿನ ಎಲೆಗಳು ಮೆತ್ತಗಾಗಿ, ಹುಲ್ಲು ಮುಗ್ಗಿದಂಥ ವಾಸನೆ ಬರುತ್ತಿರುತ್ತದೆ. ಅಂಥ ಕಟ್ಟನ್ನು ಫ್ರಿಜ್‌ನಲ್ಲಿ ಎಷ್ಟೇ ಜೋಪಾನವಾಗಿಟ್ಟರೂ ಉಳಿಸಿಕೊಳ್ಳಲಾಗುವುದಿಲ್ಲ. ಕಾಪಿಡುವ ಕೆಲಸ ಕೊಳ್ಳುವಾಗಲೇ ಶುರುವಾಗುತ್ತದೆ ಎಂದು ನಾನು ಪ್ರತಿ ತರಬೇತಿಯಲ್ಲೂ ಹೇಳುವುದು ಇದಕ್ಕಾಗಿಯೇ.

ಬೆಂಗಳೂರು, ಮೈಸೂರು ಕಡೆ ದಂಟಿನ ಸೊಪ್ಪು ಎನ್ನುವುದನ್ನು ಕರಾವಳಿ ಮತ್ತು ಮಲೆನಾಡಿನಲ್ಲಿ ಹರಿವೆ ಎನ್ನುತ್ತಾರೆ. ತುಳುವಿನಲ್ಲಿ ಅದು ಪದ್ಪೆ, ಉತ್ತರ ಕರ್ನಾಟಕದಲ್ಲಿ ರಾಜಗಿರಿ ಪಲ್ಯ. ಕೀರೆ ಸೊಪ್ಪು, ಕಿರಕಸಾಲಿ ಎಂಬ ಹೆಸರಿನಲ್ಲಿ ಸಿಗುವವೂ ಇದೇ ಬಳಗದವು. ಸಸ್ಯವಿಜ್ಞಾನಿಗಳಿಗೆ ಇವೆಲ್ಲ ಅಮರಾಂತಸ್ ಕುಲದ ಗಿಡಗಳು, ಆದರೆ ಎಲ್ಲವೂ ಒಂದೇ ಪ್ರಭೇದವಲ್ಲ. ಹಿತ್ತಲಿನಲ್ಲಿ ತಾನಾಗಿ ಹುಟ್ಟುವ ಮುಳ್ಳುದಂಟೂ ಇವುಗಳ ಹತ್ತಿರದ ಸಂಬಂಧಿ. ಕಬ್ಬು, ಮೆಕ್ಕೆಜೋಳದ ಹಾಗೆ ಈ ಗಿಡಗಳೂ ಬಿಸಿಲನ್ನು ಚೆನ್ನಾಗಿ ಬಳಸಿಕೊಂಡು ಬೇಗ ಬೆಳೆಯುತ್ತವೆ. ಮೆಂತ್ಯ ಸೊರಗುವ ಬೇಸಿಗೆಯಲ್ಲೂ ದಂಟು ಹುಲುಸಾಗಿರುವುದಕ್ಕೆ ಇದೇ ಕಾರಣ.

ಮಾರುಕಟ್ಟೆಯಲ್ಲಿ ಇದು ಮುಖ್ಯವಾಗಿ ಮೂರು ರೂಪದಲ್ಲಿ ಬರುತ್ತದೆ. ಬಿತ್ತಿದ ಮೂರು ನಾಲ್ಕು ವಾರಕ್ಕೆ ಬೇರುಸಹಿತ ಕಿತ್ತ ಎಳೆಯ ಗಿಡಗಳದ್ದು ಒಂದು. ಗಿಡವನ್ನು ಹೊಲದಲ್ಲೇ ಬಿಟ್ಟು ಮತ್ತೆ ಮತ್ತೆ ಕೊಯ್ದ ತುದಿಗಳದ್ದು ಇನ್ನೊಂದು; ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ಸುಗುಣ ಎಂಬ ಹಸಿರು ತಳಿ, ಅರ್ಕಾ ಅರುಣಿಮ ಎಂಬ ಕೆಂಪು ತಳಿ ಇಂಥ ಕೊಯ್ಲಿಗೆಂದೇ ಬಂದವು. ಮೂರನೆಯದು ಹೆಬ್ಬೆರಳು ದಪ್ಪದ ಬಲಿತ ದಂಟು. ಹುಳಿಗೆ, ಹಲಸಿನ ಬೀಜದ ಜೊತೆಯ ಸಾಂಬಾರಿಗೆ ಇದೇ ಬೇಕು. ನನ್ನನ್ನು ಕೇಳಿದರೆ, ಎರಡು ಮೂರು ದಿನ ಇಟ್ಟುಕೊಳ್ಳುವವರು ಬೇರಿರುವ ಕಟ್ಟನ್ನೇ ಆರಿಸಿಕೊಳ್ಳಬೇಕು. ಕೊಯ್ದ ಗಾಯವಿಲ್ಲದ ಗಿಡ ನಿಧಾನವಾಗಿ ಬಾಡುತ್ತದೆ. ಮನೆಗೆ ತಂದು ಬೇರು ಮಾತ್ರ ಮುಳುಗುವಷ್ಟು ನೀರಿನಲ್ಲಿ ಅರ್ಧ ಗಂಟೆ ನಿಲ್ಲಿಸಿದರೆ ಜೋತುಬಿದ್ದ ಎಲೆಗಳೂ ಚೇತರಿಸಿಕೊಳ್ಳುತ್ತವೆ. ಮಣ್ಣು ಹೆಚ್ಚು, ತೂಕದಲ್ಲಿ ನಷ್ಟ ಎಂಬ ದೂರನ್ನು ಬಲ್ಲೆ. ಆ ನಷ್ಟ ಬಾಳಿಕೆಯಲ್ಲಿ ತೀರುತ್ತದೆ.

ಕಟ್ಟಿನ ಒಳಗು ತಣ್ಣಗಿದೆ ಎಂದು ಗೊತ್ತಾದ ಮೇಲೆ ದಂಟನ್ನು ನೋಡಿ. ಎಲೆಗೆ ನೀರು ಹೊಡೆದು ಗಂಟೆಗಟ್ಟಲೆ ತಾಜಾ ಕಾಣಿಸಬಹುದು, ದಂಟಿನ ಮುಪ್ಪನ್ನು ಮುಚ್ಚಲಾಗದು. ಎಳೆಯ ದಂಟು ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ. ನಾರು ಎಳೆ ಎಳೆಯಾಗಿ ಜೋತುಬಿದ್ದರೆ ಸಾರಿನಲ್ಲೂ ನಾರೇ ಸಿಗುತ್ತದೆ. ದಪ್ಪ ದಂಟಾದರೆ ಬುಡದ ಹತ್ತಿರ ಉಗುರು ಊರಿ ನೋಡಿ. ಸಲೀಸಾಗಿ ಇಳಿದರೆ ಸಿಪ್ಪೆ ಹೆರೆದು ಬೇಯಿಸಬಹುದು. ತುದಿಯಲ್ಲಿ ತೆನೆ ಮೂಡಿದ್ದರೆ ಗಿಡ ತನ್ನ ಸಾರವನ್ನು ಬೀಜದ ಕಡೆಗೆ ತಿರುಗಿಸಿದೆ ಎಂದರ್ಥ.

ಆಮೇಲೆ ಎಲೆಯನ್ನು ಮಗುಚಿ ಅಡಿಭಾಗ ನೋಡಿ. ಮಳೆಗಾಲದಲ್ಲಿ ಅಲ್ಲಿ ಸುಣ್ಣ ಸಿಡಿದಂತೆ ಬಿಳಿ ಗುಳ್ಳೆಗಳು ಕಾಣಿಸಬಹುದು. ಅದು ಬಿಳಿ ತುಕ್ಕು ರೋಗ. ತಿಂದವರಿಗೆ ಅದು ಅಂಟುವುದಿಲ್ಲ, ಆದರೆ ಅಂಥ ಎಲೆ ಬೇಗ ಕೊಳೆತು ಪಕ್ಕದ ಎಲೆಗಳನ್ನೂ ಕೆಡಿಸುತ್ತದೆ. ಹುಳು ತಿಂದ ತೂತಿದ್ದರೆ ಔಷಧಿ ಹೊಡೆದಿಲ್ಲ ಎಂದು ನಂಬಿ ಕೊಳ್ಳುವವರು ಬಹಳ ಮಂದಿ. ಈ ನಂಬಿಕೆಯನ್ನು ಬಿಡಿ. ಹುಳು ತಿಂದ ಮಾರನೆಯ ದಿನವೂ ಔಷಧಿ ಹೊಡೆದಿರಬಹುದು. ಸೊಪ್ಪು ಎಲ್ಲಿಂದ ಬಂತು, ಯಾವ ನೀರು ಹಾಯಿಸಿದ್ದು ಎಂದು ಕೇಳುವುದೇ ಇದಕ್ಕಿಂತ ಉಪಯೋಗದ ಕೆಲಸ. ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪು ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಬೇರಿನಿಂದಲೇ ಹೀರಿಕೊಂಡಿರಬಹುದು. ಉಪ್ಪು ನೀರಿನಲ್ಲಿ ಎಷ್ಟು ಸಲ ತೊಳೆದರೂ ಅದು ಹೋಗುವುದಿಲ್ಲ. ದಿನವೂ ಒಬ್ಬರ ಹತ್ತಿರವೇ ಕೊಳ್ಳುವವರಿಗೆ ಈ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ.

ಮನೆಗೆ ತಂದೊಡನೆ ಕಟ್ಟು ಬಿಚ್ಚಿ. ರಬ್ಬರ್ ಬ್ಯಾಂಡ್ ಹಾಕಿದ ಜಾಗದಲ್ಲೇ ಮೊದಲು ಕೊಳೆ ಕಾಣಿಸಿಕೊಳ್ಳುತ್ತದೆ. ಹಳದಿ ಎಲೆ, ಜಜ್ಜಿದ ಎಲೆಗಳನ್ನು ತೆಗೆದುಹಾಕಿ. ತೊಳೆಯಬೇಡಿ. ಎಲೆಯ ಮೇಲೆ ನೀರಿದ್ದರೆ ನೆರಳಿನಲ್ಲಿ ಹರಡಿ, ಮೇಲಿನ ಪಸೆ ಆರುವ ತನಕ ಬಿಡಿ. ಆಮೇಲೆ ಹಳೆಯ ಪಂಚೆಯದೋ ಹತ್ತಿ ಸೀರೆಯದೋ ಒಣ ತುಂಡಿನಲ್ಲಿ ಸಡಿಲವಾಗಿ ಸುತ್ತಿ, ಮುಚ್ಚಳದ ಡಬ್ಬಿಯಲ್ಲೋ ನಾಲ್ಕಾರು ತೂತು ಮಾಡಿದ ಚೀಲದಲ್ಲೋ ಹಾಕಿ, ಫ್ರಿಜ್‌ನ ತರಕಾರಿ ಪೆಟ್ಟಿಗೆಯಲ್ಲಿಡಿ. ಈ ಬಟ್ಟೆಗೆ ಎರಡು ಕೆಲಸವಿದೆ. ಸೊಪ್ಪಿನ ತೂಕದಲ್ಲಿ ನೂರಕ್ಕೆ 85 ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು, ನೀರೇ. ಬರಿದೇ ಇಟ್ಟರೆ ಫ್ರಿಜ್‌ನ ಒಣ ಗಾಳಿ ಆ ನೀರನ್ನು ಎಳೆದುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್‌ನಲ್ಲಿಟ್ಟರೆ ಬಿಟ್ಟ ನೀರು ಹನಿಗಟ್ಟಿ ಎಲೆ ಲೋಳೆಯಾಗುತ್ತದೆ. ಬಟ್ಟೆ ಹನಿಯನ್ನು ಹೀರಿಕೊಂಡು, ಸುತ್ತಲಿನ ತೇವವನ್ನೂ ಉಳಿಸುತ್ತದೆ. ಹೀಗಿಟ್ಟ ತಾಜಾ ದಂಟು ನನ್ನ ಮನೆಯಲ್ಲಿ ನಾಲ್ಕೈದು ದಿನ ಚೆನ್ನಾಗಿರುತ್ತದೆ. ಬಟ್ಟೆಯ ಬದಲು ವೃತ್ತಪತ್ರಿಕೆ ಬಳಸಬೇಡಿ. ಮುದ್ರಣದ ಶಾಯಿ ಆಹಾರಕ್ಕೆ ತಾಗಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವೇ ಎಚ್ಚರಿಸಿದೆ.

ಟೊಮೆಟೊ, ಬಾಳೆಹಣ್ಣು, ಸೇಬು, ಮಾವು ಇರುವ ಪೆಟ್ಟಿಗೆಯಲ್ಲಿ ಮಾತ್ರ ಇದನ್ನು ಇಡಲೇಬೇಡಿ. ಹಣ್ಣಾಗುವ ಕಾಯಿಗಳು ಬಿಡುವ ಎಥಿಲೀನ್ ಅನಿಲ ಎಲೆಯ ಹಸಿರನ್ನು ಬೇಗ ಅಳಿಸುತ್ತದೆ. "ನಿನ್ನೆ ತಂದ ಸೊಪ್ಪು ಇವತ್ತು ಹಳದಿ" ಎಂದು ಬೇಸರಿಸಿಕೊಂಡು ಬಂದವರನ್ನು ಪೆಟ್ಟಿಗೆಯಲ್ಲಿ ಜೊತೆಗೆ ಏನಿತ್ತು ಎಂದು ಕೇಳಿದರೆ, ಹೆಚ್ಚಿನ ಸಲ ಸಿಗುವ ಉತ್ತರ ಟೊಮೆಟೊ.

ಫ್ರಿಜ್ ಇಲ್ಲದ ಮನೆಯಲ್ಲಿ, ಅಗಲ ಬಾಯಿಯ ಮಣ್ಣಿನ ಪಾತ್ರೆಯೊಳಗೆ ಸೊಪ್ಪಿಟ್ಟು ಹೊರಗೆ ಒದ್ದೆ ಗೋಣಿ ಸುತ್ತಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಇಡಿ. ಇಟ್ಟಿಗೆಯ ಎರಡು ಗೋಡೆಗಳ ನಡುವೆ ಮರಳು ತುಂಬಿ ನೀರು ಹನಿಸುತ್ತ ತರಕಾರಿಯನ್ನು ತಂಪಾಗಿಡುವ ಕೋಣೆಯನ್ನು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿ ರೂಪಿಸಿದ್ದು ಇದೇ ತತ್ವದ ಮೇಲೆ: ನೀರು ಆವಿಯಾಗುವಾಗ ಶಾಖವನ್ನು ಹೊತ್ತೊಯ್ಯುತ್ತದೆ. ಗಾಳಿ ಒಣಗಿರುವ ಬಳ್ಳಾರಿ, ರಾಯಚೂರು, ಕಲಬುರಗಿಯ ಬೇಸಿಗೆಗೆ ಇದು ಹೇಳಿ ಮಾಡಿಸಿದ್ದು. ಮಂಗಳೂರಿನ ಮಳೆಗಾಲದಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ಗೋಣಿಯಿಂದ ತಂಪು ಸಿಗದು. ಅಲ್ಲಿ ಅಂದಿನ ಹರಿವೆಯನ್ನು ಅಂದೇ ಬೇಯಿಸುವುದು ಸರಿ.

ಕೆಂಪು ಹರಿವೆಯ ನೀರು ಕೆಂಪಾದರೆ ಬಣ್ಣ ಬೆರೆಸಿದ್ದಾರೆಂದು ಗಾಬರಿಯಾಗಬೇಡಿ. ಬೀಟ್‌ರೂಟಿನಲ್ಲಿರುವಂಥ, ನೀರಿನಲ್ಲಿ ಕರಗುವ ಬೆಟಾಸಯನಿನ್ ಬಣ್ಣ ಅದು. ಆ ಕೆಂಪಿಗೂ ಕಬ್ಬಿಣದ ಅಂಶಕ್ಕೂ ಸಂಬಂಧವಿಲ್ಲ. ಕೆಂಪಿರಲಿ ಹಸಿರಿರಲಿ, ದಂಟಿನಲ್ಲಿ ಕಬ್ಬಿಣವೂ ಸುಣ್ಣದಂಶವೂ ಚೆನ್ನಾಗಿವೆ. ಆದರೆ ಆಕ್ಸಲೇಟ್ ಎಂಬ ಲವಣವೂ ಹೆಚ್ಚಿದ್ದು, ಸುಣ್ಣದಂಶದ ಬಹುಪಾಲು ದೇಹಕ್ಕೆ ಸೇರದಂತೆ ಹಿಡಿದಿಡುತ್ತದೆ. ಕಬ್ಬಿಣ ಹೆಚ್ಚು ದಕ್ಕಬೇಕೆಂದರೆ ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಅಡುಗೆ ಸೋಡಾ ಹಾಕಬೇಡಿ, ಅದರಿಂದ ಜೀವಸತ್ವ ಹಾಳಾಗುತ್ತದೆ.

ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲಾದವರಿಗೆ "ಸೊಪ್ಪನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದು ತಿನ್ನಿ" ಎಂದು ಸಲಹೆ ಕೊಡುವುದುಂಟು. ಸಲಹೆ ಸರಿಯಾದದ್ದೇ, ಕರಗುವ ಆಕ್ಸಲೇಟ್ ನೀರಿಗೆ ಇಳಿಯುತ್ತದೆ. ಆದರೆ ಹಳೆ ಮೈಸೂರಿನ ಮನೆಗಳಲ್ಲಿ ಬಸಿದ ನೀರನ್ನು, ಅಂದರೆ ಕಟ್ಟನ್ನು, ಯಾರೂ ಚೆಲ್ಲುವುದಿಲ್ಲ, ಅದರಲ್ಲೇ ಬಸ್ಸಾರು ಮಾಡುತ್ತಾರೆ. ಆರೋಗ್ಯವಂತರಿಗೆ ಅದು ಬಹಳ ಒಳ್ಳೆಯ ಪದ್ಧತಿ, ನೀರಿಗೆ ಇಳಿದ ಜೀವಸತ್ವಗಳೂ ಲವಣಗಳೂ ಸಾರಿನಲ್ಲಿ ಉಳಿಯುತ್ತವೆ. ಕಲ್ಲಿನ ತೊಂದರೆ ಇರುವವರು ಮಾತ್ರ ಪಲ್ಯ ತಿಂದು, ಬಸ್ಸಾರನ್ನು ಮನೆಯ ಉಳಿದವರಿಗೆ ಬಿಡಬೇಕು. ರಕ್ತ ಹೆಪ್ಪುಗಟ್ಟದಂತೆ ತೆಗೆದುಕೊಳ್ಳುವ ವಾರ್ಫರಿನ್ ಔಷಧಿಯ ಪರಿಣಾಮವನ್ನು ಸೊಪ್ಪಿನ ಕೆ ಜೀವಸತ್ವ ತಗ್ಗಿಸಬಹುದು. ಹಾಗೆಂದು ಅದನ್ನು ತೆಗೆದುಕೊಳ್ಳುವವರು ಸೊಪ್ಪು ಬಿಡಬೇಕಾಗಿಲ್ಲ. ವಾರದಿಂದ ವಾರಕ್ಕೆ ಒಂದೇ ಪ್ರಮಾಣದಲ್ಲಿ ತಿನ್ನುತ್ತ, ವೈದ್ಯರಿಗೆ ಅದನ್ನು ತಿಳಿಸಿರಬೇಕು.

ಬೇಯಿಸಿದ ಸೊಪ್ಪು ಉಳಿದರೆ ಆರಿದ ಕೂಡಲೇ ಫ್ರಿಜ್‌ನಲ್ಲಿಟ್ಟು ಮಾರನೆಯ ದಿನ ಮುಗಿಸಿ. ಹೊರಗೆ ರಾತ್ರಿಯಿಡೀ ಬಿಟ್ಟರೆ ಅದರಲ್ಲಿರುವ ನೈಟ್ರೇಟನ್ನು ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿಸುತ್ತವೆ. ಅದು ಹೆಚ್ಚಾದರೆ ಎಳೆಯ ಮಕ್ಕಳ ರಕ್ತ ಆಮ್ಲಜನಕ ಹೊತ್ತೊಯ್ಯುವುದಕ್ಕೆ ಅಡ್ಡಿಯಾಗುತ್ತದೆ. ಎಳೆಯ ಮಕ್ಕಳಿಗೆ ಸೊಪ್ಪು ಬಸಿದ ಕಟ್ಟು, ಸೊಪ್ಪು ಕಲೆಸಿದ ಅನ್ನ ಉಣಿಸುವ ತಾಯಂದಿರು ಅದನ್ನು ಆಗಿಂದಾಗಲೇ ಬೇಯಿಸಿ ಕೊಡಲಿ.