ಅಗಸ್ಟೀನನ ಪುಸ್ತಕ ಕೈಗೆ ಕೊಡುವ ಮುಂಚೆ

ಈ ವಾರದ ಪಾಠ: ಸಭೆಯವರಿಗೆ ಹಳೆಯ ಕ್ರೈಸ್ತ ಪುಸ್ತಕಗಳನ್ನು ಓದಲು ಹೇಳುವುದು ಹೇಗೆ. ನಾನು ಎಡವಿದ ಜಾಗದ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ, ಬೇಜಾರಾಗಬೇಡಿ.

ಸುಲಭದ್ದು ಮೊದಲು. ಕಥೆ ಬೇಕು ಅನ್ನುವವರಿಗೆ ಬನ್ಯನ್‌ನ ‘ಯಾತ್ರಿಕನ ಸಂಚಾರ’. ಇಂಗ್ಲಿಷಿನಲ್ಲಿ 1678ರಲ್ಲಿ ಬಂದದ್ದು, 19ನೇ ಶತಮಾನದಲ್ಲೇ ಬಾಸೆಲ್ ಮಿಷನ್‌ನವರು ಕನ್ನಡಕ್ಕೆ ತಂದರು. ಬೆನ್ನ ಮೇಲೆ ಹೊರೆ ಹೊತ್ತವನೊಬ್ಬ ಊರು ಬಿಟ್ಟು ಹೊರಟ ಅಂದರೆ ಸಾಕು, ಸಂಡೇ ಸ್ಕೂಲ್ ಮಕ್ಕಳೂ ಕಿವಿ ಕೊಡುತ್ತಾರೆ. ಪ್ರಾರ್ಥನೆಗೆ ಟೈಮೇ ಇಲ್ಲ ಅನ್ನುವವರಿಗೆ ಬ್ರದರ್ ಲಾರೆನ್ಸ್. 17ನೇ ಶತಮಾನದಲ್ಲಿ ಪ್ಯಾರಿಸ್‌ನ ಮಠವೊಂದರ ಅಡುಗೆಮನೆಯಲ್ಲಿ ದುಡಿದವರು. ಅವರ ಪುಸ್ತಕ ಅಂದರೆ ಕೆಲವು ಮಾತುಕತೆ, ಕೆಲವು ಪತ್ರ, ಅಷ್ಟೇ.

ಈಗ ಅಗಸ್ಟೀನ, ಉತ್ತರ ಆಫ್ರಿಕಾದ ಬಿಷಪ್. ‘ಕನ್ಫೆಷನ್ಸ್’ ಬರೆದದ್ದು ಸುಮಾರು 397ರಿಂದ 400ರ ನಡುವೆ. ಅದರಲ್ಲಿ 13 ಪುಸ್ತಕಗಳಿವೆ ಎಂದು ಓದಿದಾಗ 13 ಸಂಪುಟ ಅಂದುಕೊಂಡು ನಾನು ಗಾಬರಿಯಾಗಿದ್ದೆ. ‘ಪುಸ್ತಕ’ ಅಂದರೆ ಇಲ್ಲಿ ಅಧ್ಯಾಯದ ಹಾಗೆ. ಎಲ್ಲ ಸೇರಿ ಒಂದೇ ಪುಸ್ತಕ.

ಆದರೆ ನಿಜವಾಗಿ ಎಡವಿದ್ದು ಇಲ್ಲಲ್ಲ. ನಮ್ಮ ಪ್ರಾರ್ಥನಾ ಕೂಟಕ್ಕೆ ಬರುವ ಆಂಟಿಯೊಬ್ಬರಿಗೆ, ರಿಟೈರಾದ ಟೀಚರ್, ‘ಇದು ಒಬ್ಬ ಬಿಷಪ್ಪರ ಆತ್ಮಕಥೆ, ಪಾಪ ಒಪ್ಪಿಕೊಂಡ ಕಥೆ’ ಎಂದು ಹೇಳಿ ಕೊಟ್ಟೆ. ಮುಂದಿನ ವಾರ ವಾಪಸ್ ತಂದರು. ‘ಇವನು ಯಾರ ಹತ್ರ ಮಾತಾಡ್ತಾ ಇದ್ದಾನೆ ಮಗಾ? ಪಾಪದ ಕಥೆ ಅಂದೆ, ಮೊದಲನೇ ಪುಟದಲ್ಲಿ ಬರೀ ಸ್ತುತಿ ಇದೆ!’

ಆಂಟಿ ಹೇಳಿದ್ದು ಸರಿ. ಪುಸ್ತಕ ಶುರುವಾಗುವುದೇ ಕೀರ್ತನೆ 145ರ ಮಾತಿನಿಂದ, ಕರ್ತನು ದೊಡ್ಡವನು, ಬಹಳ ಸ್ತುತಿಗೆ ಯೋಗ್ಯನು ಎಂದು. ಲ್ಯಾಟಿನ್ನಿನ ‘ಕನ್ಫೆಸ್ಸಿಯೊ’ ಪದಕ್ಕೆ ಪಾಪ ಒಪ್ಪಿಕೊಳ್ಳುವುದು, ದೇವರನ್ನು ಸ್ತುತಿಸುವುದು ಎರಡೂ ಅರ್ಥ ಇದೆ. ಇದು ನನ್ನ ತಲೆಗೆ ಹೋಗಲು ಎರಡು ದಿನ ಬೇಕಾಯಿತು. ಹೋದದ್ದು ನಮ್ಮ ಬೈಬಲಿನ ‘ಅರಿಕೆ’ಯಿಂದ. 1 ಯೋಹಾನ 1:9ರಲ್ಲಿ ಪಾಪಗಳನ್ನು ಅರಿಕೆಮಾಡುತ್ತೇವೆ. ರೋಮಾಪುರ 10:9ರಲ್ಲಿ ಯೇಸುವೇ ಕರ್ತನೆಂದು ಅರಿಕೆಮಾಡುತ್ತೇವೆ. ಪದ ಒಂದೇ. ಒಂದು ಕಡೆ ತಲೆ ತಗ್ಗಿಸಿ ಹೇಳುವುದು, ಇನ್ನೊಂದು ಕಡೆ ತಲೆ ಎತ್ತಿ ಹೇಳುವುದು. ಕ್ಯಾಥೊಲಿಕ್ ಗೆಳೆಯರ ‘ಪಾಪನಿವೇದನೆ’ ಹಿಡಿದು ಹೊರಟರೆ ಅರ್ಧ ಮಾತ್ರ ಸಿಗುತ್ತದೆ. ‘ಅರಿಕೆ’ ಹಿಡಿಯಿರಿ.

ಅಂದರೆ ಇದು ಓದುಗರಿಗೆ ಹೇಳಿದ ಕಥೆಯಲ್ಲ, ಪ್ರಾರ್ಥನೆ. ಅದರಲ್ಲಿ ಬರುವ ‘ನೀನು’ ದೇವರು. ನಾವು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವವರು. ಇದೊಂದು ಗೊತ್ತಾದರೆ ಹುಡುಗನಾಗಿದ್ದಾಗ ಗೆಳೆಯರ ಜೊತೆ ಪಿಯರ್ ಹಣ್ಣು ಕದ್ದ ಪ್ರಸಂಗಕ್ಕೆ (2ನೇ ಪುಸ್ತಕ) ಯಾಕೆ ಅಷ್ಟೊಂದು ಪುಟ ಅನ್ನುವುದೂ ತಿಳಿಯುತ್ತದೆ. ಹಸಿವಿರಲಿಲ್ಲ, ಮನೆಯಲ್ಲಿ ಇನ್ನೂ ಒಳ್ಳೆ ಹಣ್ಣಿತ್ತು, ಕದ್ದದ್ದನ್ನು ಹಂದಿಗೆ ಎಸೆದರು. ಮತ್ಯಾಕೆ ಕದ್ದೆ? ಈ ಪ್ರಶ್ನೆಯನ್ನು ಅವನು ದೇವರ ಎದುರು ಬಿಡಿಸಿ ನೋಡುತ್ತಿದ್ದಾನೆ.

ಎಷ್ಟು ಓದಲು ಹೇಳಬೇಕು? 1ರಿಂದ 9 ಬದುಕಿನ ಕಥೆ: 8ರಲ್ಲಿ ಅವನ ಮನಸ್ಸು ದೇವರ ಕಡೆ ತಿರುಗಿದ ಮಿಲಾನಿನ ತೋಟ, 9ರಲ್ಲಿ ದೀಕ್ಷಾಸ್ನಾನ, ತಾಯಿ ಮೋನಿಕಳ ಸಾವು. 10ನೆಯದು ನೆನಪಿನ ಬಗ್ಗೆ, 11 ಕಾಲದ ಬಗ್ಗೆ, 12 ಮತ್ತು 13 ಆದಿಕಾಂಡದ ಮೊದಲ ಅಧ್ಯಾಯದ ಮೇಲೆ. 9ಕ್ಕೆ ನಿಲ್ಲಿಸಿದರೆ ಪಾಪವೇನೂ ಅಲ್ಲ. ನಾನೇ 11ರಲ್ಲಿ ಮೂರು ಸಲ ನಿದ್ದೆ ಹೋಗಿದ್ದೇನೆ. ಆದರೆ ಮೊದಲ ಪುಟದಲ್ಲಿ ನೆಮ್ಮದಿಯಿಲ್ಲದ ಹೃದಯ, ಕೊನೆಯ ಪುಟಗಳಲ್ಲಿ ದೇವರ ಸಬ್ಬತ್ ವಿಶ್ರಾಂತಿ. ಹಾಗಾಗಿ ಕೊನೆಯ ನಾಲ್ಕು ಪುಟ ಸುಮ್ನೆ ತಿರುವಿ ಹಾಕಿ.

ನನ್ನ ಒಂದು ಸುಲಭ ಉಪಾಯ: ಯಾವುದೇ ಅನುವಾದವಿರಲಿ, ಕೊಡುವ ಮುಂಚೆ ಒಂದು ಪುಟ ಗಟ್ಟಿಯಾಗಿ ಓದಿ. ನಾಲಿಗೆ ಮೂರು ಸಲ ತೊಡರಿದರೆ ಬೇರೆ ಅನುವಾದ ಹುಡುಕಿ.

ಆಂಟಿಗೆ ಎರಡನೇ ಸಲ ಕೊಡುವಾಗ ‘ಇದು ಪ್ರಾರ್ಥನೆ’ ಅಂತ ಮಾತ್ರ ಹೇಳಿದೆ. ಈಗ 5ನೇ ಪುಸ್ತಕದಲ್ಲಿದ್ದಾರೆ. ಮಗ ತಾಯಿಗೆ ಸುಳ್ಳು ಹೇಳಿ, ರಾತ್ರೋರಾತ್ರಿ ರೋಮ್‌ಗೆ ಹಡಗು ಹತ್ತುವ ಜಾಗ. ಭಾನುವಾರ ಆರಾಧನೆ ಮುಗಿದು ಚಪ್ಪಲಿ ಹಾಕಿಕೊಳ್ಳುತ್ತಾ ಅಗಸ್ಟೀನನಿಗೆ ಚೆನ್ನಾಗಿ ಬೈದರು. ಪುಸ್ತಕ ಮಾತ್ರ ವಾಪಸ್ ಕೊಡಲಿಲ್ಲ.