ಕೃತಕ ಕೀಲು ಕೈಕೊಟ್ಟರೆ: ಎರಡು ವರ್ಷ ಎಲ್ಲಿಂದ ಎಣಿಸಬೇಕು?

ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಓದುವಾಗ ನನಗೆ ಒಂದು ಕಡೆ ಗಂಟು ಬಿತ್ತು: ದೇಹದೊಳಗೆ ಹಾಕಿದ ಕೃತಕ ಕೀಲು ವರ್ಷಗಳ ನಂತರ ಕೆಟ್ಟರೆ, ದೂರು ಕೊಡಲು ಇರುವ ಎರಡು ವರ್ಷದ ಗಡುವು ಯಾವ ದಿನದಿಂದ ಶುರು? ಅದನ್ನು ಬಿಡಿಸಿಕೊಂಡಿದ್ದು ನಿನ್ನೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಹಿನ್ನೆಲೆ

ಡೆಪ್ಯೂ ಅನ್ನುವುದು ಜಾನ್ಸನ್ ಅಂಡ್ ಜಾನ್ಸನ್‌ಗೆ ಸೇರಿದ ಕಂಪನಿ. ಅದರ ಎಎಸ್‌ಆರ್ ಅನ್ನುವ ಮಾದರಿಯ ಸೊಂಟದ ಇಂಪ್ಲಾಂಟ್‌ನಲ್ಲಿ (ದೇಹದೊಳಗೆ ಕೂರಿಸುವ ಕೃತಕ ಕೀಲು) ಲೋಹದ ಗುಂಡು ಲೋಹದ ಬಟ್ಟಲಿಗೇ ಉಜ್ಜುತ್ತಿತ್ತು. ಸವೆದ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರಿತು. 2010ರ ಆಗಸ್ಟ್‌ನಲ್ಲಿ ಕಂಪನಿ ಅದನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು. ಭಾರತದಲ್ಲಿ ಅಷ್ಟರಲ್ಲಿ ಸುಮಾರು 4,700 ಆಪರೇಷನ್ ಆಗಿದ್ದವು. ಇಲ್ಲಿ ಕೇಂದ್ರ ಸರ್ಕಾರ ಪರಿಹಾರದ ಸೂತ್ರ ಒಪ್ಪಿದ್ದು 2018ರ ಕೊನೆಗೆ. ವಯಸ್ಸು, ಅಂಗವೈಕಲ್ಯ ನೋಡಿ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗೆ. ಎಂಟು ವರ್ಷ ನೋವು ತಿಂದುಕೊಂಡು ಕಾದವರನ್ನು ನೆನೆದರೆ ಸಂಕಟವಾಗುತ್ತದೆ.

ಯಾರ ಮೇಲೆ ದೂರು?

ದೋಷವಿರುವ ವಸ್ತುವಿನಿಂದ ಹಾನಿಯಾದರೆ ಹೊಣೆ ಯಾರದ್ದು ಅಂತ ಈ ಕಾಯ್ದೆ ಹೇಳುತ್ತದೆ: ಸೆಕ್ಷನ್ 84 ತಯಾರಕರಿಗೆ, 85 ಸೇವೆ ಕೊಟ್ಟವರಿಗೆ, 86 ಮಾರಿದವರಿಗೆ. ವೈದ್ಯರ ಮೇಲೆ ಹೋದರೆ ಅವರ ನಿರ್ಲಕ್ಷ್ಯ ತೋರಿಸಲೇಬೇಕು. ತಯಾರಕರ ಮೇಲೆ ಹೋದರೆ ತಯಾರಿಕೆಯ ದೋಷ, ವಿನ್ಯಾಸದ ದೋಷ, ಸರಿಯಾದ ಎಚ್ಚರಿಕೆ ಕೊಡದಿರುವುದು, ಹೀಗೆ ಸೆಕ್ಷನ್‌ನಲ್ಲಿರುವ ಕಾರಣಗಳಲ್ಲಿ ಒಂದು ಸಾಕು. ಕೆಟ್ಟ ಇಂಪ್ಲಾಂಟನ್ನು ಒಳ್ಳೆಯ ವೈದ್ಯರು ಚೆನ್ನಾಗಿಯೇ ಕೂರಿಸಿರಬಹುದು, ಅಲ್ವಾ? ಆಗ ದಾರಿ 84.

ಸೆಕ್ಷನ್ 87 ಮಾತ್ರ ಬಿಡಬೇಡಿ. ಪರಿಣತರೇ ಬಳಸಬೇಕಾದ ವಸ್ತುವಾದರೆ, ಆ ಪರಿಣತರಿಗೆ ಎಚ್ಚರಿಕೆ ತಲುಪಿಸಲು ತಕ್ಕ ಪ್ರಯತ್ನ ಮಾಡಿದ ತಯಾರಕರು ಪಾರಾಗಬಹುದು. ಆದರೆ ಇದು ‘ಎಚ್ಚರಿಕೆ ಕೊಡಲಿಲ್ಲ’ ಅನ್ನುವ ದೂರಿಗೆ ಮಾತ್ರ. ವಿನ್ಯಾಸದ ದೋಷಕ್ಕೆ ಈ ನೆಪ ನಡೆಯುವುದಿಲ್ಲ.

ನನ್ನನ್ನು ಕಾಡಿದ ಎರಡು ವರ್ಷ

ಸೆಕ್ಷನ್ 69: ವ್ಯಾಜ್ಯ ಕಾರಣ (ದೂರಿಗೆ ಕಾರಣವಾದ ಸಂಗತಿ) ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ನಾನು ಅದನ್ನು ಆಪರೇಷನ್ ದಿನ ಅಂದುಕೊಂಡಿದ್ದೆ. ಹಾಗಾದರೆ ಐದು ವರ್ಷದ ನಂತರ ಸವೆಯುವ ಕೀಲಿಗೆ ದೂರೇ ಇಲ್ಲವಾ? ಇಲ್ಲೇ ಸಿಕ್ಕಿಬಿದ್ದೆ.

ಬಿಡಿಸಿದ್ದು 2010ರ ಒಂದು ಸುಪ್ರೀಂ ಕೋರ್ಟ್ ತೀರ್ಪು. ಹೊಟ್ಟೆಯೊಳಗೆ ಬಟ್ಟೆಯ ತುಂಡು ಬಿಟ್ಟಿದ್ದ ಪ್ರಕರಣ. ಕೋರ್ಟ್ ಹೇಳಿದ್ದು ಇಷ್ಟು: ಹಾನಿ ಕಣ್ಣಿಗೆ ಕಾಣುವಂಥದ್ದಾದರೆ ಆ ದಿನದಿಂದಲೇ ಎಣಿಕೆ. ಒಳಗೆ ಅಡಗಿದ್ದರೆ, ರೋಗಿಗೆ ಗೊತ್ತಾದ ದಿನದಿಂದ, ಇಲ್ಲವೇ ತಕ್ಕ ಎಚ್ಚರ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದಿನದಿಂದ.

‘ಗೊತ್ತಾಗಬಹುದಾಗಿದ್ದ’ ಅನ್ನುವ ಪದವನ್ನು ನಾನು ಎರಡು ಸಲ ಹಾರಿಸಿ ಓದಿದ್ದೆ. ಆ ರೋಗಿ ಸೋತಿದ್ದೇ ಅದರಲ್ಲಿ. ಆಪರೇಷನ್ ಆಗಿದ್ದು 1993ರಲ್ಲಿ, ನೋವು ಬೇಗನೇ ಶುರುವಾಗಿತ್ತು. ಬಟ್ಟೆ ಸಿಕ್ಕಿದ್ದು 2002ರಲ್ಲಿ, ದೂರು 2004ರಲ್ಲಿ. ಅವರು ಸ್ವತಃ ನರ್ಸ್. ಒಂಬತ್ತು ವರ್ಷ ನೋವಿನ ಮಾತ್ರೆ ನುಂಗುತ್ತಾ ಇದ್ದರು, ಮೊದಲೇ ವಿಚಾರಿಸಬೇಕಿತ್ತು ಅಂದಿತು ಕೋರ್ಟ್. ನನಗೆ ಈ ತೀರ್ಪು ಕಠಿಣ ಅನಿಸುತ್ತದೆ. ಆದರೂ ನಿಯಮ ಅದೇ.

ಈಗ ಕೀಲಿಗೆ ಹಚ್ಚಿ ನೋಡೋಣ. ಒಬ್ಬರಿಗೆ 2019ರಲ್ಲಿ ಇಂಪ್ಲಾಂಟ್ ಹಾಕಿದರು ಅಂದುಕೊಳ್ಳಿ. 2024ರ ಜೂನ್‌ವರೆಗೆ ಆರಾಮ. ಜೂನ್‌ನಲ್ಲಿ ತೊಡೆಸಂದಿಯಲ್ಲಿ ನೋವು. ಅಕ್ಟೋಬರ್‌ನಲ್ಲಿ ರಕ್ತಪರೀಕ್ಷೆ, ಕೋಬಾಲ್ಟ್ ಜಾಸ್ತಿ. 2025ರ ಮಾರ್ಚ್‌ನಲ್ಲಿ ರಿವಿಷನ್ ಆಪರೇಷನ್, ಅಂದರೆ ಹಳೆಯ ಇಂಪ್ಲಾಂಟ್ ತೆಗೆದು ಬದಲಿಸುವ ಆಪರೇಷನ್. ಎಣಿಕೆ ಎಲ್ಲಿಂದ? 2019 ಅಲ್ಲ, ಏಕೆಂದರೆ ಆಗ ಹಾನಿ ಅಡಗಿತ್ತು. ಅಕ್ಟೋಬರ್ ಅಂತ ವಾದಿಸಬಹುದು. ಎದುರು ವಕೀಲರು ಜೂನ್ ಹಿಡಿಯುತ್ತಾರೆ. ಮಾರ್ಚ್ ನಂಬಿ ಕೂತರೆ ಅಪಾಯ. ನನ್ನ ಸೂತ್ರ: ನೋವು, ಪರೀಕ್ಷೆ, ರಿವಿಷನ್, ಮೂರೂ ತಾರೀಖು ಬರೆದು ಮೊದಲನೆಯದರಿಂದ ಎಣಿಸಿ. ಇಲ್ಲಿ 2026ರ ಜೂನ್‌ಗೆ ಮುಂಚೆ. ತಡವಾಗಿದ್ದರೆ ಸಕಾರಣ ತೋರಿಸಿ ತಡವನ್ನು ಮನ್ನಿಸಲು ಕೇಳಲು ಅದೇ ಸೆಕ್ಷನ್‌ನಲ್ಲಿ ಅವಕಾಶವಿದೆ, ಆದರೆ ಮನ್ನಿಸುವುದು ದೂರು ಕೇಳುವ ಗ್ರಾಹಕ ಆಯೋಗಕ್ಕೆ ಬಿಟ್ಟದ್ದು.

ಯಾವ ಆಯೋಗ?

ಕೇಳುವ ಪರಿಹಾರ ನೋಡಬೇಡಿ, ನೀವು ಕೊಟ್ಟ ಹಣ ನೋಡಿ. ಹಳೆಯ 1986ರ ಗ್ರಾಹಕ ಕಾಯ್ದೆ ಓದಿದವರು ಇಲ್ಲೇ ಎಡವುತ್ತಾರೆ. ಕೊಟ್ಟದ್ದು 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ, ಅದಕ್ಕೂ ಮೇಲೆ ರಾಷ್ಟ್ರೀಯ. ನಾಲ್ಕು ಲಕ್ಷದ ಆಪರೇಷನ್‌ಗೆ ಒಂದು ಕೋಟಿ ಕೇಳಿದರೂ ಜಿಲ್ಲೆಯೇ. ರೋಗಿ ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು.

ಸಾಕ್ಷ್ಯ

ಇಂಪ್ಲಾಂಟ್ ಡಬ್ಬಿಯ ಸ್ಟಿಕ್ಕರ್ ಸಾಮಾನ್ಯವಾಗಿ ಆಪರೇಷನ್ ದಾಖಲೆಯಲ್ಲಿ ಅಂಟಿಸಿರುತ್ತಾರೆ. ಅದರ ಲಾಟ್ ಸಂಖ್ಯೆ (ಯಾವ ತಂಡದಲ್ಲಿ ತಯಾರಾಯಿತು ಅನ್ನುವ ಗುರುತು) ಇಲ್ಲದೆ ಯಾವ ಮಾದರಿ ಅಂತ ಸಾಬೀತು ಮಾಡುವುದು ಬಹಳ ಕಷ್ಟ. ರಿವಿಷನ್‌ಗೆ ಮುಂಚೆಯೇ, ತೆಗೆದ ಇಂಪ್ಲಾಂಟ್ ನಮಗೇ ಕೊಡಿ ಅಂತ ಆಸ್ಪತ್ರೆಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಒಮ್ಮೆ ಕಸಕ್ಕೆ ಹೋದರೆ ಅದನ್ನು ಪರೀಕ್ಷೆ ಮಾಡಿಸಲು ಮತ್ತೆ ಸಿಗುವುದಿಲ್ಲ.